ಏಳನೆಯ ಪ್ರಶ್ನೆಯ ಮೂರನೆಯ ಉತ್ತರ

ಸರಿಯುತ್ತರ ಬರೆಯುವುದು ಸುಲಭ, ತಪ್ಪು ಉತ್ತರ ಬರೆಯುವುದೇ ಕಷ್ಟ ಎಂದು ಪಾಠದಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದಳು.

ಆಸ್ಪತ್ರೆಯ ಹಿಂಭಾಗದ ಒಂದು ಕಿರುಕೋಣೆ ಅವರಿಬ್ಬರ ಕಚೇರಿ. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು ದಿನವಿಡೀ ಗುಡುಗುಡು ಎನ್ನುತ್ತಿದ್ದವು. ಕೈ ತೊಳೆಯುವುದು ಹೇಗೆ, ಬೆಂಕಿ ಬಿದ್ದರೆ ಯಾವ ಬಾಗಿಲು, ಹೊಸ ಯಂತ್ರದ ಯಾವ ಗುಂಡಿ ಯಾವುದಕ್ಕೆ, ಹೀಗೆ ನೌಕರರು ಕಂಪ್ಯೂಟರಿನಲ್ಲೋ ಫೋನಿನಲ್ಲೋ ನೋಡಿ ಕಲಿಯಬೇಕಾದ ಪಾಠಗಳನ್ನೆಲ್ಲ ತಯಾರಿಸುವವಳು ಅವಳು. ಆದ್ದರಿಂದಲೇ ಇಡೀ ಆಸ್ಪತ್ರೆಗೆ ಪಾಠದಮ್ಮ. ಮೇಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ಚಿತ್ರ ಬರೆದುಕೊಡಲು ಬಂದವರು. ಪಾಠ ಕಟ್ಟುವ ಸಾಫ್ಟ್‌ವೇರನ್ನು ಅವಳಿಂದ ಕಲಿಯುತ್ತಿದ್ದರು.

"ಒಂದು ಪರದೆಗೆ ಒಂದೇ ವಿಷಯ ಮೇಷ್ಟ್ರೇ. ಗುಂಡಿ ಮೇಲೆ ಏನು ಬರೆದಿದೆಯೋ ಅದೇ ಪದ ಪಾಠದಲ್ಲೂ ಇರ್ಬೇಕು. ಅಲ್ಲಿ 'ಕಳಿಸು' ಅಂತಿದ್ರೆ ನಾವು 'ರವಾನಿಸು' ಅನ್ನೋ ಹಾಗಿಲ್ಲ. ಸರಿಯುತ್ತರವನ್ನೇ ಯಾವಾಗ್ಲೂ ಉದ್ದ ಮಾಡ್ಬೇಡಿ. ಜನ ಓದದೇನೇ ಉದ್ದದ್ದನ್ನ ಒತ್ತುತ್ತಾರೆ."

"ಅದು ನಾವೂ ಸ್ಕೂಲಲ್ಲಿ ಮಾಡಿದ್ದೇ ಅಲ್ವಾ!" ಎಂದು ಮೇಷ್ಟ್ರು ನಕ್ಕಿದ್ದರು.

"ಇನ್ನು ತಪ್ಪು ಉತ್ತರ ಕಲ್ಪನೆಯಿಂದ ಬರೀಬಾರದು. ಕಣ್ಣಾರೆ ಕಂಡಿದ್ದನ್ನ ಬರೀಬೇಕು. ಓದಿದವರಿಗೆ, ಅರೆ, ನಾನೂ ಹೀಗೇ ಮಾಡ್ತೀನಲ್ಲ ಅನ್ನಿಸ್ಬೇಕು."

ಈ ಮಾತು ಹೇಳುವಾಗ ಅವಳ ಮನಸ್ಸಿನಲ್ಲಿದ್ದದ್ದು ಸ್ವಾಗತ ಕೌಂಟರಿನವರ ಪಾಠದ ಏಳನೆಯ ಪ್ರಶ್ನೆ. ಬಂದವರಿಗೆ ದಾರಿ ತಿಳಿಯದಿದ್ದರೆ ನೀವೇನು ಮಾಡುತ್ತೀರಿ? ನಾಲ್ಕು ಉತ್ತರ ಬೇಕಿತ್ತು. ಗೋಡೆಯ ನಕ್ಷೆ ತೋರಿಸುವುದು ಸರಿ. 'ಗೊತ್ತಿಲ್ಲ' ಎನ್ನುವುದು ತಪ್ಪು, 'ಅಲ್ಲೆಲ್ಲೋ ಇದೆ' ಎನ್ನುವುದೂ ತಪ್ಪು. ಇನ್ನೊಂದು ತಪ್ಪು ಹೊಳೆಯಲಿಲ್ಲ. ಚಹಾ ತರಲೆಂದು ಎದ್ದು ಮುಂಭಾಗಕ್ಕೆ ಹೋದಾಗ, ಅಲ್ಲಿನ ಸ್ವಾಗತ ಕೌಂಟರಿನಲ್ಲಿ ಕೆಲಸ ಮಾಡುವ ಅವಳ ಓರಗಿತ್ತಿ ಕಣ್ಣಿಗೆ ಬಿದ್ದಳು. ಕೌಂಟರಿನ ಕುರ್ಚಿ ಖಾಲಿ. ಯಾರೋ ಮುದುಕನ ಮೊಣಕೈ ಹಿಡಿದು, ಅವನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಏನೋ ತಮಾಷೆ ಮಾಡುತ್ತ ಎಕ್ಸ್‌ರೇ ಕೋಣೆಯ ಕಡೆ ನಡೆಯುತ್ತಿದ್ದಳು. ಸಾಲಿನಲ್ಲಿದ್ದವರು ಕಾಯುತ್ತಿದ್ದರು.

ಪಾಠದಮ್ಮನಿಗೆ ನಗು ಬಂತು. ಹಿಂದಿರುಗಿ ಮೂರನೆಯ ಉತ್ತರದ ಜಾಗದಲ್ಲಿ ಬರೆದಳು: 'ಕುರ್ಚಿ ಬಿಟ್ಟು ಎದ್ದು, ಅವರ ಜೊತೆ ಬಾಗಿಲವರೆಗೂ ಹೋಗುತ್ತೇನೆ.' ಅದನ್ನು ಒತ್ತಿದವರಿಗೆ ಕೆಂಪು ಗುರುತು ಬರುವಂತೆ ಮಾಡಿ, ಅದರ ಕೆಳಗೆ, 'ತಪ್ಪು. ಕೌಂಟರ್ ಬಿಟ್ಟು ಏಳಬಾರದು' ಎಂದು ಸೇರಿಸಿದಳು. ಪ್ರತಿ ಪರದೆಯ ಕೆಳಗೂ ಬರೆಯುವವರಿಗೆ ಮಾತ್ರ ಕಾಣುವ ಟಿಪ್ಪಣಿಯ ಜಾಗ ಇರುತ್ತದೆ. ಈ ಮಾತು ಯಾರು ಹೇಳಿದ್ದು, ಎಲ್ಲಿಂದ ಬಂದದ್ದು ಎಂದು ಅವಳು ಅಲ್ಲಿ ತಪ್ಪದೆ ಬರೆದಿಡುತ್ತಿದ್ದಳು. ಆ ದಿನ ಮಾತ್ರ ಅದು ಖಾಲಿ ಉಳಿಯಿತು. ಬರೆಯಲು ಏನೂ ಇರಲಿಲ್ಲ. ಹಾಗೆ ಯಾರೂ ಹೇಳಿರಲಿಲ್ಲವಲ್ಲ.

ಕೌಂಟರಿನಲ್ಲಿ ಯಾರು ಬೇಕಾದರೂ ಕೂರಬೇಕಾಗಿ ಬರಬಹುದೆಂದು ಪಾಠ ಆಸ್ಪತ್ರೆಯ ಎಲ್ಲ ನೌಕರರಿಗೂ ಹೋಯಿತು. ಏಳನೆಯ ಪ್ರಶ್ನೆಗೆ ಹೆಚ್ಚಿನವರು ಮೂರನೆಯ ಉತ್ತರವನ್ನೇ ಒತ್ತಿ ಎಡವಿದ್ದರು. ವರದಿ ನೋಡಿ ಅವಳು ಬೀಗಿದಳು.

"ನೋಡಿ ಮೇಷ್ಟ್ರೇ, ತಪ್ಪು ಉತ್ತರ ಅಂದ್ರೆ ಹೀಗಿರ್ಬೇಕು. ಎಲ್ರೂ ಬಲೆಗೆ ಬಿದ್ರು."

ಮೇಷ್ಟ್ರು ಕನ್ನಡಕ ಮೇಲೇರಿಸಿ ಪರದೆ ನೋಡಿದರು. "ಇಷ್ಟೊಂದು ಜನ ಅದನ್ನೇ ಒತ್ತಿದ್ದಾರೆ ಅಂದ್ರೆ... ಅದು ಸರಿ ಇರಬಹುದೇನೋ," ಎಂದು ಮೆಲ್ಲಗೆ ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಕೇಳಿಸಿತ್ತು, ಆದರೆ ಕೇಳಿಸಿಕೊಳ್ಳಲಿಲ್ಲ.

ಓರಗಿತ್ತಿಯರಿಬ್ಬರದೂ ಒಂದೇ ಮನೆ. ದೊಡ್ಡವಳು ಕೆಳಗೆ, ಕಿರಿಯವಳಾದ ಪಾಠದಮ್ಮ ಮೇಲೆ. ನಡುವೆ ಹದಿಮೂರೋ ಹದಿನಾಲ್ಕೋ ಮೆಟ್ಟಿಲು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಅನ್ನುವವರು ಈ ಮನೆಯನ್ನು ನೋಡಿಲ್ಲ. ಆಸ್ಪತ್ರೆಯಲ್ಲಿ ಈ ಕೆಲಸ ಖಾಲಿ ಇದೆ ಎಂದು ಸುದ್ದಿ ತಂದವಳೇ ದೊಡ್ಡವಳು. ಸಾಫ್ಟ್‌ವೇರ್ ಕಲಿಯಲು ಪಾಠದಮ್ಮ ಸಂಜೆ ತರಗತಿಗೆ ಹೋಗುತ್ತಿದ್ದಾಗ ಅವಳ ಮಗಳಿಗೆ ಊಟ ಮಾಡಿಸಿ, ತಲೆ ಬಾಚಿ, ಕಥೆ ಹೇಳಿ ಮಲಗಿಸುತ್ತಿದ್ದವಳೂ ಅವಳೇ. ಅದನ್ನು ಒಮ್ಮೆಯೂ ಎತ್ತಿ ಆಡಿದವಳಲ್ಲ.

ಒಂದು ಸಂಜೆ ದೊಡ್ಡವಳು ಚಪ್ಪಲಿ ಬಿಡದೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

"ಏನಕ್ಕಾ, ಹೀಗೆ ಕೂತಿದ್ದೀಯ?"

"ಮ್ಯಾನೇಜರ್ ಕರೆಸಿದ್ರು ಕಣೆ. ಕುರ್ಚಿ ಬಿಟ್ಟು ಏಳ್ತೀರಂತೆ, ಪಾಠ ಓದಿಲ್ವಾ ಅಂದ್ರು. ಓದಿದೀನಿ ಸಾರ್, ಆ ಪ್ರಶ್ನೆಗೆ ಎರಡು ಸಲ ಕೆಂಪು ಬಂತು, ಆಮೇಲೆ ಹಸಿರು ಮಾಡಿಕೊಂಡೆ ಅಂದೆ. ಇನ್ನೊಂದ್ಸಲ ಎದ್ದಿದ್ದು ಕಂಡ್ರೆ ನೆಲಮಾಳಿಗೆ ಕಡತದ ಕೋಣೆಗೆ ಹಾಕ್ತಾರಂತೆ. ಅಲ್ಲಿ ಮಾತಾಡೋಕೆ ಒಂದು ಹಲ್ಲೀನೂ ಇಲ್ಲ."

ಹೇಳಬೇಕಿದ್ದ ಮಾತು ಪಾಠದಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ದೊಡ್ಡವಳು ಅವಳ ಮುಖ ನೋಡಿ, ಅವಳಿಗೇ ಸಮಾಧಾನ ಹೇಳಿದಳು:

"ನೀನ್ಯಾಕೆ ಮುಖ ಸಣ್ಣ ಮಾಡ್ತೀಯ? ನಿನ್ನದೇನಿದೆ ಇದರಲ್ಲಿ? ಮೇಲಿನವರು ನಿಯಮ ಮಾಡ್ತಾರೆ, ನೀನು ಪಾಠಕ್ಕೆ ಹಾಕ್ತೀಯ. ಅಷ್ಟೇ ತಾನೆ?"

"ಹೌದಕ್ಕ," ಎಂದಳು ಪಾಠದಮ್ಮ.

ಇಷ್ಟೇ ಅಂದದ್ದು. ಆದರೆ ಮಗಳ ಊಟ ಬಡಿಸುವಾಗ, ಹಾಸಿಗೆ ಹಾಸುವಾಗ ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ನೀರು ಕುಡಿದರೆ ಹೋಗುವ ಮುಳ್ಳಲ್ಲ ಅದು.

ಅಂದಿನಿಂದ ದೊಡ್ಡವಳು ಏಳುವುದನ್ನು ಬಿಟ್ಟಳು. ಮುಂಭಾಗಕ್ಕೆ ಹೋಗುವುದನ್ನು ಪಾಠದಮ್ಮ ತಪ್ಪಿಸಿಕೊಳ್ಳುತ್ತಿದ್ದಳು. ಆದರೂ ಒಂದು ಬೆಳಿಗ್ಗೆ ಹೋಗಲೇಬೇಕಾಯಿತು. ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದ ಒಬ್ಬ ಅಜ್ಜಿ ಕೌಂಟರಿನ ಮುಂದೆ ಚೀಟಿ ಹಿಡಿದು ನಿಂತಿತ್ತು. ದೊಡ್ಡವಳು ಕುರ್ಚಿಯಲ್ಲೇ ಕೂತು, ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದು, "ನೇರ ಹೋಗಿ ಅಜ್ಜಿ, ಎಡಕ್ಕೆ ತಿರುಗಿ, ಮತ್ತೆ ಬಲಕ್ಕೆ... ಆ ಗೋಡೇಲಿ ನಕ್ಷೆ ಇದೆ, ನೋಡಿ," ಎನ್ನುತ್ತಿದ್ದಳು. ನೋಡಲಾರದ ಅಜ್ಜಿಗೆ ನಕ್ಷೆ! ಹೇಳುತ್ತಿದ್ದವಳ ಮುಖ ನೆಲ ನೋಡುತ್ತಿತ್ತು. ಅಜ್ಜಿ ಗೋಡೆ ಸವರುತ್ತ ಹೋಗಿ, ತಪ್ಪು ತಿರುವಿನಲ್ಲಿ ತಿರುಗಿ, ಬಟ್ಟೆ ಒಗೆಯುವ ಕೋಣೆಯ ಮುಂದಿನ ಒದ್ದೆ ನೆಲದ ಮೇಲೆ ಕಾಲಿಡುವಷ್ಟರಲ್ಲಿ ಪಾಠದಮ್ಮ ಓಡಿ ಹೋಗಿ ತೋಳು ಹಿಡಿದಳು.

"ಇಲ್ಲಿ ಮೊದಲು ಒಬ್ಬಳು ಕರೆದುಕೊಂಡು ಹೋಗ್ತಿದ್ಳಮ್ಮ," ಅಂದಿತು ಅಜ್ಜಿ. "ಬಿಟ್ಟು ಹೋದ್ಳೇನೋ, ಪಾಪ."

ಅಜ್ಜಿಯನ್ನು ಕಣ್ಣಿನ ಕೋಣೆಗೆ ಮುಟ್ಟಿಸಿ, ಪಾಠದಮ್ಮ ನೆಟ್ಟಗೆ ಮ್ಯಾನೇಜರ ಬಾಗಿಲು ತಟ್ಟಿದಳು.

"ಸಾರ್, ಕೌಂಟರ್ ಬಿಟ್ಟು ಏಳಬಾರದು ಅಂತ ನಿಯಮ ಎಲ್ಲಿದೆ?"

ಮ್ಯಾನೇಜರು ಆಶ್ಚರ್ಯದಿಂದ ನೋಡಿದರು. "ಏನ್ರೀ ಹೀಗೆ ಕೇಳ್ತೀರಿ? ನಿಮ್ಮ ಪಾಠದಲ್ಲೇ ಇದೆಯಲ್ಲ! ನನಗೂ ಗೊತ್ತಿರಲಿಲ್ಲ. ಅಲ್ಲಿ ಓದೇ ತಿಳ್ಕೊಂಡೆ."

ಎತ್ತು ಈಯಿತು ಎಂದು ಇವಳು ಬರೆದಿದ್ದಳು, ಅವರು ಕರು ಕಟ್ಟಲು ಹಗ್ಗ ತಂದಿದ್ದರು. ಅವರನ್ನು ದೂರುವುದು ಹೇಗೆ? ಪಾಠವನ್ನು ನಂಬಿದ್ದರು, ಅಷ್ಟೆ. ನಂಬಲೆಂದೇ ಅಲ್ಲವೆ ಅವಳು ಬರೆಯುತ್ತಿದ್ದದ್ದು?

"ಅದು ನಿಯಮ ಅಲ್ಲ ಸಾರ್. ಇನ್ನೊಂದು ತಪ್ಪು ಉತ್ತರ ಬೇಕಿತ್ತು. ನಾನೇ ಹುಟ್ಟಿಸಿದ್ದು."

ಮ್ಯಾನೇಜರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹುಟ್ಟಿಸಿದ್ದು ಅಂದ್ರೆ... ನಾನು ಆಕೆಗೆ ಅಷ್ಟೆಲ್ಲ ಅಂದುಬಿಟ್ಟೆನಲ್ರೀ." ಆಮೇಲೆ, "ಹೋಗ್ಲಿ, ಗದ್ದಲ ಬೇಡ. ಸದ್ದಿಲ್ಲದೆ ಆ ಪ್ರಶ್ನೆ ಬದಲಾಯಿಸಿಬಿಡಿ," ಎಂದರು.

ಸದ್ದಿಲ್ಲದೆ ಬದಲಾಯಿಸಲು ಎರಡು ನಿಮಿಷ ಸಾಕಿತ್ತು. ಕೋಣೆಗೆ ಬಂದು ಬದಲಾಯಿಸಿಯೂ ಬಿಟ್ಟಳು. ಪ್ರಕಟಿಸುವ ಗುಂಡಿ ಒತ್ತುವ ಮೊದಲು ಕೈ ನಿಂತಿತು.

"ಒತ್ತಿ, ಮತ್ತೆ," ಎಂದರು ಮೇಷ್ಟ್ರು.

"ಒತ್ತಿದ್ರೆ ಇನ್ಮೇಲೆ ಬರೋರಿಗೆ ಮಾತ್ರ ಹೊಸದು ಕಾಣುತ್ತೆ ಮೇಷ್ಟ್ರೇ. ಈಗಾಗಲೇ ಪಾಸಾದೋರು ಮತ್ತೆ ಯಾಕೆ ತೆಗೆದು ನೋಡ್ತಾರೆ? ಅವರ ತಲೇಲಿ ಹಳೇದೇ ಉಳಿಯುತ್ತೆ."

"ಅದಕ್ಕೆ ದಾರಿ ಇಲ್ವಾ?"

"ಇದೆ. ಎಲ್ಲರ ಹಸಿರು ಗುರುತು ಅಳಿಸಿ, ಮತ್ತೆ ಮೊದಲಿಂದ ಮಾಡಿಸ್ಬೇಕು. ಇಡೀ ಆಸ್ಪತ್ರೆ ನನಗೆ ಹಿಡಿ ಶಾಪ ಹಾಕುತ್ತೆ."

ಮೇಷ್ಟ್ರು ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಲೋಟವನ್ನು ಅವಳ ಕಡೆ ತಳ್ಳಿದರು. "ಶಾಪ ಹಾಕಿದ್ರೆ ಹಾಕ್ಲಿ ಬಿಡಿ. ನಾನು ಮೂವತ್ತು ವರ್ಷ ಮಕ್ಕಳಿಗೆ ಮತ್ತೆ ಬರಿ, ಮತ್ತೆ ಬರಿ ಅಂದವನು. ಶಾಪದಿಂದ ಯಾರೂ ಸಾಯಲ್ಲ." ಅವಳು ಕಣ್ಣೊರೆಸಿಕೊಳ್ಳುವಾಗ ಕಿಟಕಿಯ ಕಡೆ ತಿರುಗಿ, ಇಲ್ಲದ ಹಕ್ಕಿಯೊಂದನ್ನು ನೋಡುತ್ತ ಕೂತರು.

ಆದರೆ ಇಡೀ ಆಸ್ಪತ್ರೆಗೆ ಹೇಳುವ ಮೊದಲು ಹೇಳಬೇಕಾದವಳು ಒಬ್ಬಳಿದ್ದಳು. ಭಾನುವಾರ ಮಧ್ಯಾಹ್ನ ಇಬ್ಬರೂ ಮಾಳಿಗೆಯ ಮೇಲೆ ಒಣಗಿದ ಹೊದಿಕೆಗಳನ್ನು ಮಡಿಸುತ್ತಿದ್ದರು. ಈ ತುದಿ ಇವಳ ಕೈಯಲ್ಲಿ, ಆ ತುದಿ ಅವಳ ಕೈಯಲ್ಲಿ.

"ಅಕ್ಕಾ, ಕೌಂಟರ್ ಬಿಟ್ಟು ಏಳಬಾರದು ಅನ್ನೋದು ಮೇಲಿಂದ ಬಂದಿದ್ದಲ್ಲ. ನಾನೇ ಬರೆದೆ."

ದೊಡ್ಡವಳು ಹೊದಿಕೆಯ ತುದಿ ಹಿಡಿದೇ ನಿಂತಳು. "ನನ್ನನ್ನ ನೋಡಿ ಬರೆದ್ಯಾ?"

"ಹೂಂ."

"ಬರೆಯೋವಾಗ ನಗು ಬಂತಾ?"

ಸುಳ್ಳು ಹೇಳಬಹುದಿತ್ತು. "ಬಂತು," ಎಂದಳು ಪಾಠದಮ್ಮ.

"ನಗು ಬರ್ಲಿ ಬಿಡು. ನಾನು ಆ ಮುದುಕರ ಜೊತೆ ಪಟಪಟ ಅಂತ ಹೋಗೋದು ನೋಡಿದ್ರೆ ಬಾತುಕೋಳಿ ಹಾಗೇ ಕಾಣ್ತೀನಿ ಅಂತ ನಿಮ್ಮ ಭಾವನೂ ಅಂತಾರೆ." ಅವಳ ದನಿ ಅಲ್ಲಿಯವರೆಗೆ ತಮಾಷೆಯದೇ ಆಗಿತ್ತು. ಆಮೇಲೆ ಬದಲಾಯಿತು. "ಅವತ್ತು ಮೆಟ್ಟಿಲ ಮೇಲೆ ನಾನು ಕೇಳಿದೆ. ಹೌದಕ್ಕ ಅಂದೆ ನೀನು. ಪ್ರಶ್ನೆ ಬರೆದಿದ್ದು ಕೆಲಸ, ಒಪ್ಪಿಕೊಂಡೆ. ಆ 'ಹೌದಕ್ಕ' ಯಾರ ಕೆಲಸ?"

ಪಾಠದಮ್ಮ ತನ್ನ ಕೈಯಲ್ಲಿದ್ದ ಹೊದಿಕೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಾನು ಕುರ್ಚಿಗೆ ಅಂಟಿಕೊಂಡು ಕೂತಿದ್ದೆ ಕಣೆ. ಮನೆಗೆ ಬಂದು, ನನಗೆ ವಯಸ್ಸಾಯ್ತೇನೋ, ಕೆಲಸ ಮಾಡೋದೇ ಮರೆತುಹೋಯ್ತೇನೋ ಅಂದುಕೊಂಡು ಮಲಗ್ತಿದ್ದೆ. ನೀನು ಮೇಲೇ ಇದ್ದೆ."

ಕೋಪದಲ್ಲೂ ಅವಳು ಹೊದಿಕೆಯನ್ನು ಕೆಳಗೆ ಎಸೆಯಲಿಲ್ಲ. ಮೂಲೆಗೆ ಮೂಲೆ ಕೂಡಿಸಿ, ಸುಕ್ಕು ತಟ್ಟಿ, ಪಾಠದಮ್ಮನ ಪಾಲಿನ ಹೊದಿಕೆಗಳನ್ನು ಬೇರೆಯಾಗಿಟ್ಟು, ತನ್ನವನ್ನು ಎತ್ತಿಕೊಂಡು ಇಳಿದುಹೋದಳು. ಆಮೇಲೆ ಅವಳು ಆಡಿದ್ದು ಬೇಕಾದಷ್ಟೇ ಮಾತು: ನಲ್ಲಿಯಲ್ಲಿ ನೀರು ಬಂತು, ಮಗು ಕೆಮ್ಮುತ್ತಿದೆ, ಬಾಗಿಲು ಹಾಕಿಕೋ. ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಪಾಠದಮ್ಮ ಎಲ್ಲರ ಹಸಿರು ಗುರುತನ್ನೂ ಅಳಿಸಿದಳು. ಹೊಸ ಪಾಠದ ಮೊದಲ ಪರದೆಯಲ್ಲಿ ಚಿತ್ರವಿಲ್ಲದೆ, ಬಣ್ಣವಿಲ್ಲದೆ ನಾಲ್ಕೇ ಸಾಲು ಹಾಕಿದಳು: 'ಏಳನೆಯ ಪ್ರಶ್ನೆಯಲ್ಲಿ ತಪ್ಪಿತ್ತು. ಕುರ್ಚಿ ಬಿಟ್ಟು ಏಳಬಾರದೆಂಬ ನಿಯಮ ಆಸ್ಪತ್ರೆಯಲ್ಲಿಲ್ಲ, ಬರೆದವಳು ಊಹಿಸಿ ಬರೆದದ್ದು. ಪಕ್ಕದವರಿಗೆ ಒಂದು ಮಾತು ಹೇಳಿ, ದಾರಿ ತಿಳಿಯದವರ ಜೊತೆ ಹೋಗಿ. ಕ್ಷಮಿಸಿ.' ಕೆಳಗೆ ತನ್ನ ಹೆಸರು ಹಾಕಿದಳು. ಟಿಪ್ಪಣಿಯ ಜಾಗದಲ್ಲಿ, ಈ ಮಾತನ್ನು ಮ್ಯಾನೇಜರು ಓದಿ ಒಪ್ಪಿದ್ದಾರೆ ಎಂದು ಬರೆದಳು.

ಶಾಪಗಳು ಬಂದವು. "ಏನಮ್ಮ ಪಾಠದಮ್ಮ, ನೀನು ಫೇಲಾಗಿದ್ದಕ್ಕೆ ನಾವ್ಯಾಕೆ ಪರೀಕ್ಷೆ ಬರೀಬೇಕು?" ಎಂದು ದೊಡ್ಡ ನರ್ಸು ಊಟದ ಕೋಣೆಯಲ್ಲಿ ಎಲ್ಲರೆದುರು ಕೇಳಿದಳು. ಎಲ್ಲರೂ ನಕ್ಕರು. ಪಾಠದಮ್ಮ ತಲೆ ತಗ್ಗಿಸಿ ತಿಂದಳು. ಸ್ವಲ್ಪ ಹೊತ್ತಿಗೆ ಅದೇ ನರ್ಸು ಅವಳ ಪಕ್ಕದಲ್ಲೇ ತಟ್ಟೆಯಿಟ್ಟು ಕೂತು ಊಟ ಮುಗಿಸಿದಳು.

ವಾರ ಕಳೆಯುವಷ್ಟರಲ್ಲಿ ವರದಿಯಲ್ಲಿ ಎಲ್ಲರ ಹೆಸರೂ ಹಸಿರಾಯಿತು. ಒಂದು ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ. ಓರಗಿತ್ತಿ ಪಾಠವನ್ನು ತೆರೆದೇ ಇರಲಿಲ್ಲ. ಕೌಂಟರಿನಲ್ಲಿ ಅವಳಿನ್ನೂ ಎದ್ದಿಲ್ಲ, ಕೇಳಿದವರಿಗೆ ಕೂತೇ ಕೈ ತೋರಿಸುತ್ತಾಳೆ ಎಂದು ಕಾವಲಿನವನು ಹೇಳಿದ. ಮ್ಯಾನೇಜರು ತಾವೇ ಹೋಗಿ ಕ್ಷಮೆ ಕೇಳಿದ್ದರಂತೆ. ಆಗಲಿ ಸಾರ್ ಅಂದಿದ್ದಳಂತೆ, ಅಷ್ಟೆ.

ಪಾಠದಮ್ಮ ಕೌಂಟರಿಗೆ ಹೋದಳು.

"ಅಕ್ಕಾ, ಆ ಪಾಠ..."

"ನಾನು ಓದಲ್ಲ," ಎಂದಳು ದೊಡ್ಡವಳು, ತಲೆಯೆತ್ತದೆ. "ಅವತ್ತು ಏಳಬೇಡ ಅಂದ್ರೆ ಕೂತೆ. ಇವತ್ತು ಏಳು ಅಂದ್ರೆ ಪರೀಕ್ಷೆ ಪಾಸು ಮಾಡಿ ಏಳಬೇಕಾ? ನಿನ್ನ ಹಸಿರು ನಿನ್ನ ಹತ್ರಾನೇ ಇರ್ಲಿ."

"ಓದಬೇಡಕ್ಕ. ಆದ್ರೆ..."

ಆದರೆ ಏನು ಎಂದು ಅವಳಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಕೈಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು ನಿಂತಳು. ಇನ್ನೊಂದು ಕೈಯಲ್ಲಿ ಚೀಲ, ಬಾಯಲ್ಲಿ ಕಚ್ಚಿ ಹಿಡಿದ ಚೀಟಿ. ದೊಡ್ಡವಳು ಆ ಚೀಟಿಯನ್ನು ಬಾಯಿಂದ ತೆಗೆದು ಓದಿದಳು. ನಕ್ಷೆಯ ಕಡೆ ಅವಳ ಕೈ ಎದ್ದಿತು. ಅರ್ಧಕ್ಕೇ ನಿಂತಿತು.

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಕೊಡಮ್ಮ ಚೀಲ. ಏನು ಹಾಕಿದೀಯ ಇದರಲ್ಲಿ, ಕಲ್ಲಾ?" ಎಂದಳು. ಹೆಂಗಸು ನಕ್ಕಳು. ದೊಡ್ಡವಳು ಓರಗಿತ್ತಿಯ ಕಡೆ ನೋಡದೆಯೇ, "ಕೂತ್ಕೋ ಇಲ್ಲಿ," ಎಂದಳು.

ಪಾಠದಮ್ಮ ಕೂತಳು. ಸಾಲಿನಲ್ಲಿದ್ದ ಮುಂದಿನವನು ಏನೋ ಕೇಳಿದ. "ಸ್ವಲ್ಪ ನಿಲ್ಲಿ, ನಮ್ಮಕ್ಕ ಬಂದು ಹೇಳ್ತಾರೆ," ಎಂದಳು. ಹಾಗೆ ಕರೆಯುವ ಹಕ್ಕು ತನಗೆ ಉಳಿದಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಅಷ್ಟು ದೂರದಲ್ಲಿ ದೊಡ್ಡವಳು ಚೀಲ ಹೊತ್ತು, ಕೂಸಿಗೆ ಮುಖ ಸೊಟ್ಟ ಮಾಡಿ ತೋರಿಸುತ್ತ ತಿರುವಿನಲ್ಲಿ ಮರೆಯಾದಳು. ಈ ಸಲ ಪಾಠದಮ್ಮನಿಗೆ ನಗು ಬರಲಿಲ್ಲ.