ಅರ್ಧ ಉಣ್ಣೆಯ ಕುರಿ

ಚಳಿ ಹಿಂದೆ ಸರಿದು ಬಿಸಿಲು ಬಲಿಯತೊಡಗಿತ್ತು. ಉಣ್ಣೆ ಕತ್ತರಿಸುವ ಕಾಲ. ಕೊಟ್ಟಿಗೆಯ ಮುಂದೆ ಗೋಣಿತಾಟು ಹಾಸಿಕೊಂಡು ಕೂತ ದೊಡ್ಡಮ್ಮ ಬೆಳಗಿನಿಂದ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಅವಳ ಕೈಯಲ್ಲಿ ಉಣ್ಣೆ ಚೂರುಚೂರಾಗದೆ ಕಳಚಿಟ್ಟ ಅಂಗಿಯ ಹಾಗೆ ಒಂದೇ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಹಾಗಾಗಿ ಸುತ್ತಲಿನವರೆಲ್ಲ ಅವಳ ಬಳಿಗೇ ಕುರಿ ಹೊಡೆದುಕೊಂಡು ಬರುತ್ತಿದ್ದರು.

ಶಾಲೆ ಬಿಟ್ಟ ಮೇಲೆ ತಂಗಿಯ ಮಗಳು ಜೊತೆಗೆ ಕೂರುತ್ತಿದ್ದಳು. ತಾಯಿಗೆ ದೂರದ ಆಸ್ಪತ್ರೆಯಲ್ಲಿ ಕೆಲಸ. ಹುಡುಗಿ ಓದುವುದು ಇಲ್ಲಿಂದ. ಸಣಕಲು ಮೈ, ಚುರುಕು ಬೆರಳು, ಅದಕ್ಕೇ ದೊಡ್ಡಮ್ಮ ಅವಳನ್ನು ಸೂಜಿ ಎನ್ನುತ್ತಿದ್ದಳು. ಬೆನ್ನು, ಪಕ್ಕೆ ದೊಡ್ಡಮ್ಮನ ದೊಡ್ಡ ಕತ್ತರಿಗೆ. ಕಿವಿಯ ಹಿಂದಿನದು, ತೊಡೆಸಂದಿಯದು ಸೂಜಿಯ ಚಿಕ್ಕ ಕತ್ತರಿಗೆ.

ಆ ಸಂಜೆ ಕಪ್ಪು ಮೂತಿಯ ಕುರಿಯೊಂದರ ಎಡಪಕ್ಕ ಬೋಳಾಗಿತ್ತು.

"ಎಲ್ಲೇ ನಿನ್ನ ಕತ್ತರಿ? ಕಿವಿ ಹತ್ರ ನೀನೇ ಮಾಡು."

"ಇವತ್ತು ನೀನೇ ಮಾಡು ದೊಡ್ಡಮ್ಮ."

"ನನ್ನ ಈ ಗರಗಸ ಹಾಕಿದ್ರೆ ಕಿವಿನೂ ಉಣ್ಣೆ ಜೊತೆ ಬರತ್ತೆ. ಕತ್ತರಿ ತಾ."

ಸೂಜಿ ಏಳಲಿಲ್ಲ. ಕುರಿಯ ಕುತ್ತಿಗೆಯನ್ನು ಅದು ಒದ್ದಾಡುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ನೆಲ ನೋಡುತ್ತಲೇ, "ಸ್ಕೂಲ್ ಬ್ಯಾಗಲ್ಲಿದೆ," ಎಂದಳು.

ದೊಡ್ಡಮ್ಮನ ಕೈ ನಿಂತಿತು.

ಹಿಡಿದ ಕುರಿಯನ್ನು ಅರ್ಧಕ್ಕೆ ಬಿಡುವ ಪದ್ಧತಿ ಅವಳಲ್ಲಿ ಇರಲಿಲ್ಲ. ಒಂದು ಮಗ್ಗುಲು ಬೋಳು, ಇನ್ನೊಂದು ಬೆಚ್ಚಗೆ. ಅಂಥ ಕುರಿಗೆ ಥಂಡಿ ಹತ್ತುತ್ತದೆ, ಉಣ್ಣೆಯೂ ಹರಿದು ಹಾಳಾಗುತ್ತದೆ. ಮನೆಗೆ ನೆಂಟರು ಬಂದಾಗಲೂ ಅವಳು ಕುರಿ ಮುಗಿಸಿಯೇ ಎದ್ದವಳು. ಈಗ ಕತ್ತರಿ ಕೆಳಗಿಟ್ಟು ಕುರಿಯ ಕಾಲುಕಟ್ಟು ಬಿಚ್ಚಿದಳು. ಅದು ಎದ್ದು ಮೈ ಕೊಡವಿ, ಕತ್ತರಿಸಿದ ಉಣ್ಣೆಯನ್ನು ಒಂದು ಪಕ್ಕಕ್ಕೆ ಸೆರಗಿನಂತೆ ಎಳೆದುಕೊಂಡು ಕೊಟ್ಟಿಗೆಗೆ ನಡೆಯಿತು.

"ದೊಡ್ಡಮ್ಮ, ಕುರಿ..."

"ಅದು ಕಾಯತ್ತೆ. ನೀನು ಹೇಳು."

ಸೂಜಿ ಹೇಳತೊಡಗಿದಳು. ತರಗತಿಯಲ್ಲಿ ಒಬ್ಬಳು, ಉದ್ದ ಜಡೆಯವಳು. ಹಾಜರಿ ಕರೆಯುವಾಗ ಸೂಜಿಯ ಸರದಿ ಬಂದರೆ 'ಮ್ಯಾ' ಎನ್ನುತ್ತಾಳೆ. ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಾರೆ. ನಿನ್ನೆ ಇವಳ ಡೆಸ್ಕಿನ ಮೇಲೆ ಒಂದು ಹಿಡಿ ಹುಲ್ಲು ಇಟ್ಟಿದ್ದರು.

"ಅದಕ್ಕೆ ಕತ್ತರಿ ತಗೊಂಡು ಹೋದೆ. ಮೊದಲು ಜಡೆ ಕತ್ತರಿಸಬೇಕು ಅಂದ್ಕೊಂಡೆ. ಆಮೇಲೆ ಜಡೆ ಅಲ್ಲ... ಅವಳ ಹಿಂದೆ ನಿಂತಿದ್ದೆ ದೊಡ್ಡಮ್ಮ. ಕೈ ಬ್ಯಾಗೊಳಗೇ ಇತ್ತು. ಅವಳ ಕುತ್ತಿಗೆ ಕಾಣ್ತಿತ್ತು."

"ಚುಚ್ಚಬೇಕು ಅನ್ನಿಸ್ತಾ?"

ಯಾರಾದರೂ ಹಾಗೆ ನೇರವಾಗಿ ಕೇಳಿಯಾರು ಎಂದು ಸೂಜಿ ಎಣಿಸಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಮತ್ತೆ ಹೆಂಗೆ ಬಿಟ್ಟೆ?"

"ಗಂಟೆ ಹೊಡೀತು. ನಾಳೆ ಗಂಟೆ ಹೊಡೀದಿದ್ರೆ? ನಾನು ಕೆಟ್ಟವಳಾ? ನನ್ನನ್ನ ಕಳಿಸಿಬಿಡ್ತೀಯಾ?"

"ಎಲ್ಲಿಗೆ ಕಳಿಸ್ಲಿ? ಕಿವಿ ಹಿಂದಿನ ಉಣ್ಣೆ ನಿಮ್ಮಜ್ಜಿ ಬಂದು ಕತ್ತರಿಸ್ತಾಳಾ?" ದೊಡ್ಡಮ್ಮ ಜಿಡ್ಡಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳ ತಲೆಯ ಮೇಲಿಟ್ಟಳು. "ಸಿಟ್ಟು ಬಂದಿದ್ದು ತಪ್ಪಲ್ಲ ಕಣೇ. ಆ ಯೋಚನೆ ಬಂತು ಅಂತ ನೀನು ಕೆಟ್ಟವಳಾಗಲಿಲ್ಲ. ಆದ್ರೆ ಬ್ಯಾಗಿಗೆ ಕತ್ತರಿ ಹಾಕ್ಕೊಂಡ ಮೇಲೆ ಇದು ನೀನೊಬ್ಬಳೇ ಹೊರೋ ಮೂಟೆ ಅಲ್ಲ. ನಾವಿಬ್ಬರೇ ಮುಚ್ಚಿಡೋದೂ ಅಲ್ಲ. ರಾತ್ರಿ ನಿಮ್ಮಮ್ಮಂಗೆ ಫೋನ್ ಮಾಡೋಣ. ಬೆಳಿಗ್ಗೆ ನಾನೂ ಶಾಲೆಗೆ ಬರ್ತೀನಿ."

"ಬೈತಾರೆ."

"ಬೈದ್ರೆ ಇಬ್ಬರೂ ಬೈಸಿಕೊಳ್ಳೋಣ. ನಾನು ಚೆನ್ನಾಗಿ ಬೈಸಿಕೊಳ್ತೀನಿ, ನಿಮ್ಮ ದೊಡ್ಡಪ್ಪನ್ನ ಕೇಳು."

ಸೂಜಿ ನಕ್ಕಳು, ನಗುತ್ತಲೇ ಅತ್ತಳು. ಬ್ಯಾಗಿನಿಂದ ಕತ್ತರಿ ತಂದುಕೊಟ್ಟಳು. ದೊಡ್ಡಮ್ಮ ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗ ಬಿದ್ದ ಸದ್ದಿಗೆ ಹುಡುಗಿಯ ಹೆಗಲು ಇಳಿಯಿತು.

ರಾತ್ರಿ ತಾಯಿಗೆ ಫೋನಿನಲ್ಲಿ ಹೇಳಿದ್ದಾಯಿತು. ಬೆಳಿಗ್ಗೆ ತರಗತಿಯ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಮುಖ ಒಮ್ಮೆ ಬಿಳಿಚಿಕೊಂಡರೂ ದನಿ ಏರಲಿಲ್ಲ. 'ಮ್ಯಾ' ಎನ್ನುವುದು ನನ್ನ ಕಿವಿಗೂ ಬಿದ್ದಿತ್ತು, ಮಕ್ಕಳಾಟ ಎಂದು ಬಿಟ್ಟಿದ್ದೆ, ಬಿಡಬಾರದಿತ್ತು ಎಂದರು. ಉದ್ದ ಜಡೆಯವಳ ಮನೆಯವರನ್ನೂ ಕರೆಸಿದರು. ಶಾಲೆಗೆ ಬರುವ ಆಪ್ತಸಮಾಲೋಚಕಿಯ ಬಳಿ ಸೂಜಿಯನ್ನು ಕೂರಿಸಿದರು. ಸಿಟ್ಟು ಮೊದಲು ಮೈಯಲ್ಲಿ ಎಲ್ಲಿ ಹತ್ತಿಕೊಳ್ಳುತ್ತದೆ ಎಂದು ಆಕೆ ಕೇಳಿದಾಗ ಸೂಜಿ ಯೋಚಿಸಿ, "ಅಂಗೈಯಲ್ಲಿ," ಎಂದಳು. ಅಂಗೈ ಬಿಸಿಯಾದ ಕೂಡಲೇ ಯಾರನ್ನೂ ಕೇಳದೆ ಎದ್ದು ಹೋಗಬಹುದು, ನಲ್ಲಿಯ ಕೆಳಗೆ ಕೈ ಹಿಡಿದು ನಿಂತು ಆಮೇಲೆ ಮೇಡಂ ಬಳಿಗೆ ಬರಬೇಕು ಎಂದು ಮಾತಾಯಿತು.

ಮಧ್ಯಾಹ್ನ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ 'ಮ್ಯಾ' ಎಂದರು. ಸೂಜಿ ಎದ್ದಳು. ನಲ್ಲಿಯ ನೀರು ತಣ್ಣಗಿತ್ತು.

ಸಂಜೆ ಮನೆಗೆ ಬಂದರೆ ಕುರಿಯ ಯಜಮಾನ ಅಂಗಳದಲ್ಲಿ ನಿಂತಿದ್ದ. ಕಪ್ಪು ಮೂತಿಯದರ ಮೇಲೆ ಗೋಣಿಚೀಲ ಹೊದಿಸಿತ್ತು.

"ಏನಮ್ಮ, ನನ್ನ ಕುರಿಗೆ ಅರ್ಧ ಚಳಿಗಾಲ, ಅರ್ಧ ಬೇಸಿಗೆ ಮಾಡಿಟ್ಟಿದ್ದೀರಲ್ಲ?"

"ಬಾಕಿ ಇತ್ತು ಮಾವ, ಈಗ ತೀರಿಸ್ತೀನಿ," ಎಂದಳು ಸೂಜಿ.

ದೊಡ್ಡಮ್ಮ ಅವಳನ್ನೊಮ್ಮೆ ನೋಡಿದಳು. "ಅಂಗೈ ತೋರಿಸು."

ಸೂಜಿ ಚಾಚಿದಳು. ದೊಡ್ಡಮ್ಮ ಮುಟ್ಟಿ ನೋಡಿ, ಪೆಟ್ಟಿಗೆಯ ಬೀಗ ತೆಗೆದು ಚಿಕ್ಕ ಕತ್ತರಿ ಕೊಟ್ಟಳು. "ಕೆಲಸ ಮುಗಿದ ಮೇಲೆ ವಾಪಸ್ ಇಲ್ಲಿಗೇ."

"ಹೂಂ."

ಕುರಿಯ ಕುತ್ತಿಗೆಯನ್ನು ಈ ಸಲ ಸಡಿಲವಾಗಿ ಹಿಡಿದಳು. ಅದು ಒದ್ದಾಡಲಿಲ್ಲ. ಕಿವಿಯ ಹಿಂದಿನಿಂದ ಶುರುಮಾಡಿ, ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮನ ಜೊತೆ ಉಳಿದ ಅರ್ಧವನ್ನೂ ಮುಗಿಸಿದಳು.