ಅಡಿಗೆಕಟ್ಟೆಯ ಗಿರಣಿ

ಮರಾಠಿ ನಾಡಿನ ಐರೋಲಿಯಲ್ಲಿದ್ದ ಮಗನ ಮನೆಗೆ ಆ ಯಂತ್ರ ಬಂದ ದಿನದಿಂದಲೇ ಕಲ್ಲವ್ವನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಕೇಕಿನ ಹಿಟ್ಟು ಕಲಸುವ ದೊಡ್ಡ ಮಿಕ್ಸರು. ಅದರ ಮೂತಿಗೆ ಪುಟ್ಟದೊಂದು ಗಿರಣಿ ಸಿಕ್ಕಿಸಿ, ಮೇಲೆ ಜೋಳ ಸುರಿದರೆ ಕೆಳಗೆ ಹಿಟ್ಟು ಉದುರುತ್ತಿತ್ತು. ಎರಡು ಬಟ್ಟಲು ಬೀಸುವಷ್ಟರಲ್ಲಿ ಬಿಸಿಯೇರಿ ನಿಂತುಬಿಡುತ್ತಿತ್ತು.

"ಮೂಲ್ಯಾಗ ರಾಯಪ್ಪನ ಗಿರಣಿ ಐತಿ. ನಮ್ಮೂರ ಕಡೆಯಾಂವ. ಇದ್ಯಾಕ ಬೇಕಿತ್ತು?" ಎಂದಳು.

"ಅಲ್ಲಿ ಗೋಧಿ ಬೀಸಿದ ಕಲ್ಲಿನ್ಯಾಗ ಜ್ವಾಳ ಬೀಸ್ತಾರ, ಅತ್ತಿ," ಎಂದಳು ಸೊಸೆ ಪೂನಂ. "ಸ್ವರಾಗ ಒಂದು ಚಿಟಿಕಿ ಗೋಧಿನೂ ನಡೆಯಂಗಿಲ್ಲ. ಡಾಕ್ಟರ್ ಸಾಫ್ ಹೇಳ್ಯಾರ."

ಆರು ವರ್ಷದ ಮೊಮ್ಮಗಳು ಸ್ವರಾಳ ಹೊಟ್ಟೆ ಸದಾ ಉಬ್ಬಿರುತ್ತಿತ್ತು, ಮೈಗೆ ಏನೂ ಹತ್ತುತ್ತಿರಲಿಲ್ಲ. ಗೋಧಿ ಒಗ್ಗದ ಕಾಯಿಲೆ ಎಂದಿದ್ದರು. ಕಲ್ಲವ್ವನಿಗೆ ಆ ಮಾತೂ ಗಂಟಲಲ್ಲಿ ಇಳಿದಿರಲಿಲ್ಲ. ಗೋಧಿ ಹುಗ್ಗಿ ಉಂಡು ಬೆಳೆದ ಮನೆತನದ ಕೂಸಿಗೆ ಗೋಧಿ ಆಗದೆಂದರೆ? ಆದರೆ ಮನೆಯಲ್ಲೇ ಬೀಸತೊಡಗಿದ ಮೂರು ತಿಂಗಳಿಗೆ ಹುಡುಗಿಯ ಕೆನ್ನೆ ತುಂಬಿಕೊಂಡವು. ಕಲ್ಲವ್ವ ಬಾಯಿ ಮುಚ್ಚಿಕೊಂಡಳು.

ದೀಪಾವಳಿ ಕಳೆದ ಮೇಲೆ ಹೊಟ್ಟೆನೋವು ಮರಳಿ ಬಂತು.

ಪೂನಂ ಮೊದಲು ಡಬ್ಬಿಗಳನ್ನು ಮೂಸಿದಳು. ಆಮೇಲೆ ಮಗಳನ್ನು ಬಾಲ್ಕನಿಗೆ ಕರೆದೊಯ್ದು ಮೆಲ್ಲಗೆ ಮರಾಠಿಯಲ್ಲಿ ಕೇಳಿದಳು: "ಆಜಿನೆ ಕಾಯ್ ದಿಲಂ ತುಲಾ?" ಅಜ್ಜಿ ಏನು ಕೊಟ್ಟಳು ಎಂದು. ಅಷ್ಟು ಮರಾಠಿ ಕಲ್ಲವ್ವನಿಗೂ ಬರುತ್ತಿತ್ತು. ಆ ಸಂಜೆ ಮಾತು ನೇರವಾಗಿಯೇ ಬಂತು.

"ಸಿಟ್ಟಾಗಬ್ಯಾಡ್ರಿ ಅತ್ತಿ. ಸ್ವರಾಗ ಇವರ ಪಾಲಿನ ಚಪಾತಿ ಏನರ ಕೊಟ್ಟೀರೇನು?"

"ನನ್ನ ಮೊಮ್ಮಗಳಿಗೆ ನಾನs ವಿಷಾ ಹಾಕ್ತೀನೇನು?"

ಮಗ ಶಿವರಾಜ ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ.

ಅತ್ತೆ ಸೊಸೆ ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ತಾನು ಕೊಟ್ಟಿಲ್ಲವೆಂದ ಮೇಲೆ ಮತ್ತಾರು? ಕಲ್ಲವ್ವನ ಕಣ್ಣು ಸೊಸೆಯ ಬೆನ್ನು ಹತ್ತಿತು. ಶಾಲೆಯ ಡಬ್ಬಿ ತುಂಬುವವಳು ಅವಳು, ಬಿಸ್ಕಿಟು ತರುವವಳು ಅವಳು. ತಾನೇ ತಪ್ಪಿ, ಮುದುಕಿಯ ತಲೆಗೆ ಕಟ್ಟುತ್ತಿದ್ದಾಳೆಯೇ?

ಐದನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಗಿರಣಿಯ ಬಾಯಿಗೆ ಬೆರಳು ಹಾಕಿದಳು. ಮೂಲೆಯಲ್ಲಿ ಹಿಟ್ಟು ಮೆತ್ತಿತ್ತು. ಕೆರೆದು ತೆಗೆದು, ಅಂಗೈಯಲ್ಲಿ ಒಂದು ಹನಿ ನೀರು ಬಿಟ್ಟು ನಾದಿದಳು. ಬರೀ ಜೋಳದ್ದಾದರೆ ಎಳೆದೊಡನೆ ಹರಿಯಬೇಕು. ಇದು ದಾರದ ಹಾಗೆ ಜಗ್ಗಿತು. ಇದರೊಳಗೆ ಯಾರೋ ಗೋಧಿ ಬೀಸಿದ್ದಾರೆ. ಸಿಕ್ಕಳು ಸೊಸೆ ಅಂದುಕೊಂಡಳು. ಬೀಸುವಾಗಲೇ ಹಿಡಿಯಬೇಕೆಂದು ಕಾದಳು.

ಶನಿವಾರ ಪೂನಂ ಮಗಳನ್ನು ಕರೆದುಕೊಂಡು ಪಕ್ಕದ ಘಣಸೋಲಿಯ ಡಾಕ್ಟರ ಹತ್ತಿರ ಹೋದಳು. ಕಲ್ಲವ್ವ ಕೋಣೆಯಲ್ಲಿ ಅಡ್ಡಾಗಿದ್ದಳು. ಅಡಿಗೆಮನೆಯಲ್ಲಿ ಯಂತ್ರ ಗುರ್ರೆಂದಿತು. ಎದ್ದು ಹೋಗಿ ನೋಡಿದರೆ ಶಿವರಾಜ! ಗಿರಣಿಯ ತುಂಬ ಕೆಂಪನೆಯ ಗೋಧಿ.

"ಪಾಕೀಟಿನ ಹಿಟ್ಟಿನ ಚಪಾತಿ ಗಂಟಲಕ್ಕ ಇಳಿಯಂಗಿಲ್ಲ ಯವ್ವಾ," ಎಂದ, ಸಿಕ್ಕಿಬಿದ್ದ ಕಳ್ಳನಂತೆ. "ಬೀಸಿದ್ದನ್ನ ಆ ಪಾಕೀಟಿನ ಹಿಟ್ಟಿನ ಡಬ್ಬಿಗೆ ಹಾಕಿ, ಗಿರಣಿನ ಬ್ರಶ್‌ಲೆ ಝಾಡಿಸಿ ಇಡ್ತೀನಿ. ಇಷ್ಟರಾಗ ಏನಾಗ್ತದ ಅಂತ... ಪೂನಂಗ ಹೇಳಬ್ಯಾಡ."

ಹೆತ್ತ ಕರುಳು ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಆ ಸಂಜೆಯ ಟಿ.ವಿ. ನೆನಪಾಯಿತು.

"ಆಕಿ ನನ್ನ ಕೇಳಿದಾಗ ನೀ ಅಲ್ಲೇ ಕುಂತಿದ್ದೆಲ್ಲೋ, ಶಿವಾ. ನಿಮ್ಮವ್ವನ ಮ್ಯಾಲ ಮಾತು ಬಂದಾಗೂ ಬಾಯಿ ಬಿಡಲಿಲ್ಲ."

ಅವನು ಯಂತ್ರ ಆರಿಸಿದ.

"ಈಗ ನೀ ಹೇಳ್ತಿಯೋ, ನಾ ಹೇಳ್ಲೋ?"

ಪೂನಂ ಡಾಕ್ಟರ ಹತ್ತಿರದಿಂದ ಮರಳಿದೊಡನೆ ಅವನೇ ಹೇಳಿದ. ಸೊಸೆ ಕೂಗಾಡುತ್ತಾಳೆಂದು ಕಲ್ಲವ್ವ ಕಾದಿದ್ದಳು. ಅವಳು ಚಪ್ಪಲಿ ಸಹ ಬಿಡದೆ ಅಡಿಗೆಮನೆಗೆ ಹೋಗಿ ಗಿರಣಿಯನ್ನು ಬಿಚ್ಚಿದಳು. ನೀರು ತಾಗಿದರೆ ತುಕ್ಕು ಹಿಡಿಯುವ ಸಾಮಾನು, ತೊಳೆದು ಶುದ್ಧ ಮಾಡುವ ಹಾಗಿರಲಿಲ್ಲ. ಅದನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಶಿವರಾಜ ಬಚ್ಚಿಟ್ಟಿದ್ದ ಗೋಧಿಯ ಡಬ್ಬಿ ಕೆಳಗಿನ ವಾಚ್‌ಮನ್‌ನ ಮನೆ ಸೇರಿತು.

"ಇನ್ನ ಈ ಮನ್ಯಾಗ ಯಾರಿಗೂ ಗೋಧಿ ಇಲ್ಲ," ಎಂದಳು, ಗಂಡನ ಕಡೆ ನೋಡದೆ.

ವಾರದ ಮೇಲೆ ಹೊಸ ಗಿರಣಿ ಬಂತು. ಪೂನಂ ಅದನ್ನು ಮಿಕ್ಸರಿಗೆ ಸಿಕ್ಕಿಸುತ್ತ, "ಅತ್ತಿ, ನಾ ನಿಮ್ಮ ಮ್ಯಾಲ..." ಎಂದು ನಿಲ್ಲಿಸಿದಳು.

"ನಾನೂ ನಿನ್ನ ಮ್ಯಾಲ ಸಂಶಯ ಪಟ್ಟಿದ್ನವ್ವಾ," ಎಂದಳು ಕಲ್ಲವ್ವ. "ಹೋಗ್ಲಿ ಬಿಡು. ಜ್ವಾಳ ಕೊಡಿಲ್ಲೆ, ಹಸನ ಮಾಡ್ತೀನಿ."

ಸ್ವರಾಳ ಹೊಟ್ಟೆ ಸುಧಾರಿಸಲು ಸಂಕ್ರಾಂತಿಯವರೆಗೆ ಹಿಡಿಯಿತು. ಶಿವರಾಜ ಮೂರು ಹೊತ್ತೂ ರೊಟ್ಟಿ ಉಂಡ. ಚಪಾತಿಯ ಹೆಸರು ಎತ್ತಲಿಲ್ಲ.