ಹನ್ನೊಂದನೇ ರೀಲು

ಬಾಗಿಲು ತೆರೆಯಿತು. ಆದದ್ದು ಅಷ್ಟೇ. ಪರದೆಯ ಮೇಲೆ ಹೊಸ ಸೊಸೆ ಮಹಡಿ ಕೋಣೆಯ ಚಿಲಕಕ್ಕೆ ಕೈ ಹಾಕಿದಳು, ಚಿಲಕ ಸರಿಯಿತು, ಬಾಗಿಲು ತೆರೆಯಿತು, ಒಳಗೆ ಒಬ್ಬ ಹೆಂಗಸು ಕೂತಿದ್ದಳು. ಮ್ಯಾಟಿನಿಗೆ ಬಂದಿದ್ದ ನಮ್ಮೂರಿನ ಮುನ್ನೂರು ಜನ ಒಟ್ಟಿಗೆ "ಏಯ್!" ಎಂದರು. ಹೆದರಿ ಅಲ್ಲ. ನಮ್ಮ ಸೀಟಿನಲ್ಲಿ ಇನ್ಯಾರೋ ಬಂದು ಕೂತಾಗ ಅನ್ನುತ್ತೇವಲ್ಲ, ಹಾಗೆ.

"ಯಾರಯ್ಯಾ ಇವಳು?" ಹಿಂದಿನ ಸಾಲಿನಿಂದ ಸಲೂನಿನವನು ಕೇಳಿದ.

"ಗಂಡನ ಮೊದಲನೇ ಹೆಂಡತಿಯಂತೆ. ಅತ್ತೆ ಕೂಡಿಹಾಕಿದ್ದಳಂತೆ."

"ಬದುಕಿದಾಳಾ?"

"ಮಾತಾಡ್ತಿದಾಳಲ್ಲ, ಕಾಣಲ್ವಾ?"

"ಹಂಗಾದ್ರೆ ದೆವ್ವ ಎಲ್ಲಿ?"

"ದೆವ್ವ ಇಲ್ಲವಂತೆ ಸುಮ್ನಿರಿ."

"ದೆವ್ವ ಇಲ್ಲ ಅಂದ್ರೆ ನಾನ್ಯಾಕೆ ಅಂಗಡಿ ಮುಚ್ಚಿ ಬಂದೆ? ಅತ್ತೆ ಸೊಸೆ ಜಗಳ ನಮ್ಮನೇಲೇ ನೋಡ್ತಿದ್ದೆ!"

ಹತ್ತು ನಿಮಿಷ ಅತ್ತೆ ಅತ್ತಳು, ತಪ್ಪೊಪ್ಪಿಕೊಂಡಳು, ಯಾವ ಬಡಿತ ಯಾಕೆ ಕೇಳುತ್ತಿತ್ತು ಎಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಆಮೇಲೆ ಪರದೆ ಕಪ್ಪಾಗಿ, 'ಹನ್ನೆರಡು ವರ್ಷಗಳ ನಂತರ' ಎಂಬ ಅಕ್ಷರ ಮೂಡಿತು. ಅಷ್ಟು ಹೊತ್ತು ತಡೆದುಕೊಂಡಿದ್ದವರೂ ಆಗ ಎದ್ದು ನಿಂತರು. ಕೂಗಿದರು, ಕುರ್ಚಿ ಬಡಿದರು, ಸೀಟಿ ಹೊಡೆದರು. ಅಂಗಳದ ಬಿಸಿಲಿನಲ್ಲಿ ಸೊಸೆ ನರೆತ ಕೂದಲು ಬಾಚುತ್ತ ಕೂತ ಕೊನೆಯ ದೃಶ್ಯ ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಮಾತ್ರ ಬಾಲ್ಕನಿಯ ಮೂಲೆಯಲ್ಲಿ ಕೈ ಮಡಚಿಕೊಂಡು ಕೂತಿದ್ದೆ. ಮೂವತ್ತೈದು ವರ್ಷ ಇದೇ ಟಾಕೀಸಿನಲ್ಲಿ ಮಷೀನು ಓಡಿಸಿದವನು ನಾನು. ಊರಿಗೆಲ್ಲ ಆಪರೇಟರ್. ಈಗ ರೀಲಿಲ್ಲ, ಡಬ್ಬಿಯಿಲ್ಲ, ಒಂದು ಗುಂಡಿ ಒತ್ತಿದರೆ ಚಿತ್ರ ಶುರು. ಹಳೆಯ ವಿಶ್ವಾಸಕ್ಕೆ ನನಗೊಂದು ಮೂಲೆ ಸೀಟು ಬಿಟ್ಟುಕೊಟ್ಟಿದ್ದಾರೆ. ಆ ಮೂಲೆಯಿಂದ ಮುಂದಿನ ಸಾಲು ಚೆನ್ನಾಗಿ ಕಾಣುತ್ತದೆ. ಅಲ್ಲಿ ಟೈಲರ್ ಮತ್ತು ಅವನ ಮಗಳು ಕೂತಿದ್ದರು. ಹಳೆಯ ಚಿತ್ರವೊಂದನ್ನೇ ಈಗ ಹೊಸದಾಗಿ ತೆಗೆದಿದ್ದರು; ಅದಕ್ಕೆ ಕತೆ, ಮಾತು ಬರೆದವಳು ಅವಳೇ. ಮೊದಲ ದಿನದ ಆಟವನ್ನು ಅಪ್ಪನ ಪಕ್ಕ ಕೂತು, ತನ್ನ ಊರಿನವರ ಜೊತೆ ನೋಡಬೇಕು ಅಂತ ಅಷ್ಟು ದೂರದಿಂದ ಬಂದಿದ್ದಳು. ಅವಳ ಕತ್ತು ಒಂದಿಷ್ಟೂ ಅಲುಗುತ್ತಿರಲಿಲ್ಲ.

ನಲವತ್ತು ವರ್ಷದ ಕೆಳಗೆ ಹಳೆಯ ಚಿತ್ರ ಬಂದಾಗ ನಮ್ಮೂರು ನೋಡಿದ್ದು ಬೇರೆ. ಮುಚ್ಚಿದ ಕೋಣೆಯೊಳಗಿಂದ ದಿನಾ ಸಂಜೆ ಮೂರು ಬಡಿತ. ಸೊಸೆ ಮೆಟ್ಟಿಲು ಹತ್ತುತ್ತಾಳೆ, ಚಿಲಕಕ್ಕೆ ಕೈ ಚಾಚುತ್ತಾಳೆ. ಬೆರಳು ಕಬ್ಬಿಣಕ್ಕೆ ತಾಗುತ್ತದೆ. ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಬೆಳಗಿನ ಬಿಸಿಲು, ಅಂಗಳ, ಅದೇ ಸೊಸೆ, ತಲೆಯೆಲ್ಲ ಬೆಳ್ಳಗೆ! ಬಾಚಣಿಗೆ ಹಿಡಿದು ನಗುತ್ತಿದ್ದಾಳೆ. ಅತ್ತೆ ಮನೆಯಲ್ಲಿಲ್ಲ. ಮೇಲಿನಿಂದ ಮತ್ತೆ ಮೂರು ಬಡಿತ. ಸೊಸೆ ತಲೆಯೆತ್ತಿ ಮೆತ್ತಗೆ "ಬಂದೆ" ಅನ್ನುತ್ತಾಳೆ. ಮುಗಿಯಿತು.

ಆ ಒಂದು ರೆಪ್ಪೆಯ ಹೊತ್ತು ನಮ್ಮೂರನ್ನು ಇಪ್ಪತ್ತು ವಾರ ಅಲ್ಲಾಡಿಸಿತು. ಹೆಂಗಸರು ಎಚ್ಚರ ತಪ್ಪಿದರು. ಗಂಡಸರು ಮನೆಗೆ ಹೋಗಿ ಚಿಲಕಗಳಿಗೆ ಎಣ್ಣೆ ಬಿಟ್ಟರು. ಬಾಗಿಲ ಹಿಂದೆ ಏನಿತ್ತು ಅಂತ ನಲವತ್ತು ವರ್ಷ ವಾದ ನಡೆಯಿತು. ಅತ್ತೆಯನ್ನು ಅದು ನುಂಗಿತು ಅಂತ ಸಲೂನಿನವನು. ಅತ್ತೆಯೇ ಅದು ಅಂತ ಮೇಷ್ಟ್ರು. ಬೇರೆ ಊರಿನ ನೆಂಟರು ಯಾರಾದರೂ "ಹಾಗಲ್ಲ, ಅಲ್ಲೊಬ್ಬ ಹೆಂಗಸು ಇರ್ತಾಳೆ" ಅಂದರೆ, "ಪಾಪ, ನಿಮ್ಮೂರಿಗೆ ಬೇರೆ ಯಾವುದೋ ಪ್ರಿಂಟ್ ಕಳಿಸಿದಾರೆ" ಅಂತ ಬಾಯಿ ಮುಚ್ಚಿಸುತ್ತಿದ್ದರು. ಆ ಚಿತ್ರ ಟಿವಿಯಲ್ಲಿ ಒಮ್ಮೆಯೂ ಬರಲಿಲ್ಲ. ಉಳಿದಿದ್ದು ಎಲ್ಲೋ ಚಿತ್ರ ಭಂಡಾರವೊಂದರಲ್ಲಿ ಒಂದೇ ಪ್ರಿಂಟು.

ಆಟ ಬಿಟ್ಟ ಮೇಲೆ ಹುಡುಗಿಯನ್ನು ಟಾಕೀಸಿನ ಮೊಗಸಾಲೆಯಲ್ಲೇ ಹಿಡಿದುಕೊಂಡರು.

"ಏನಮ್ಮಾ ರೈಟರಮ್ಮ," ಮೇಷ್ಟ್ರು ಕೋಲೂರಿ ಎದುರು ನಿಂತರು, "ಆ ಕೂದಲು ನಿನಗೇನು ಮಾಡಿತ್ತು?"

"ಮೇಷ್ಟ್ರೇ, ನಾನು ಏನೂ ಬದಲಾಯಿಸಿಲ್ಲ. ಹಳೇದರಲ್ಲಿ ಹಾಗೇ ಇದೆ."

"ನನಗೆ ಹೇಳ್ಕೊಡ್ತೀಯಾ? ಹದಿನಾಲ್ಕು ಸಲ ನೋಡಿದೀನಿ. ನೀನು ಹುಟ್ಟಿರಲಿಲ್ಲ."

"ನಾನು ಭಂಡಾರದಲ್ಲಿ ಕೂತು ಮೂರು ಸಲ ನೋಡಿದೀನಿ. ಪ್ರತಿ ಶಾಟ್ ಬರ್ಕೊಂಡಿದೀನಿ."

"ಬರ್ಕೊಂಡಿದಾಳಂತೆ!" ಸಲೂನಿನವನು ಸುತ್ತ ನೋಡಿದ. "ಭಯ ಬಿದ್ರೆ ಕೂದಲು ಬುಡದಿಂದಲೇ ಬೆಳ್ಳಗಾಗುತ್ತೆ ಅಂತ ಇಷ್ಟು ವರ್ಷ ಗಿರಾಕಿಗಳಿಗೆ ಹೇಳ್ಕೊಂಡು ಬಂದಿದೀನಿ. ಈಗ ಹನ್ನೆರಡು ವರ್ಷ ಅಂತೆ. ಹನ್ನೆರಡು ವರ್ಷಕ್ಕೆ ನನ್ನ ತಲೆಯೂ ನರೀತು, ನನ್ನ ಮೇಲೂ ಒಂದು ಚಿತ್ರ ತೆಗೀರಿ!"

ಎಲ್ಲರೂ ನಕ್ಕರು. ಹುಡುಗಿಯ ಮುಖ ಕೆಂಪಾಯಿತು. ಅವಳು ಅಪ್ಪನ ಕಡೆ ತಿರುಗಿದಳು. ಚಿಕ್ಕವಳಾಗಿದ್ದಾಗ ಆ ಕತೆಯನ್ನು ಹೊಲಿಗೆ ಮಷೀನು ತುಳಿಯುತ್ತ ತುಳಿಯುತ್ತ ಅವಳಿಗೆ ಹೇಳಿದವನೇ ಅವನು.

"ಅಪ್ಪಾ, ನೀನಾದ್ರೂ ಹೇಳು. ನಿನಗೆ ಆ ಜಾಗದಲ್ಲಿ ನಿದ್ದೆ ಬಂದಿತ್ತು ಅಲ್ವಾ? ಅದಕ್ಕೇ ನಿನ್ನ ಕತೇಲಿ ಅದು ಇರ್ಲಿಲ್ಲ ಅಲ್ವಾ?"

"ನಿದ್ದೆ," ಎಂದ ಟೈಲರ್. "ಸರಿಯಮ್ಮ. ನಾನು ನಿದ್ದೆ ಮಾಡಿದ್ದೆ. ಊರೆಲ್ಲ ನಿದ್ದೆ ಮಾಡಿತ್ತು. ನೀನೊಬ್ಬಳೇ ಎದ್ದಿದ್ದೆ." ಚಪ್ಪಲಿ ಮೆಟ್ಟಿಕೊಂಡು ಒಬ್ಬನೇ ಹೊರಟುಹೋದ.

ಹುಡುಗಿ ನನ್ನನ್ನು ನೋಡಿದಳು. "ಆಪರೇಟರ್ ಮಾಮ, ಆ ರೀಲು ದಿನಕ್ಕೆ ನಾಕು ಸಲ ಓಡಿಸಿದವರು ನೀವು. ನೀವು ಹೇಳಿ."

"ತುಂಬಾ ಹಳೇ ಮಾತಮ್ಮ," ಎಂದುಬಿಟ್ಟೆ. ಆ ಒಂದು ಮಾತಿಗೆ ದೇವರು ನನ್ನನ್ನು ಕ್ಷಮಿಸಲಿ.

ನಿಜ ಗೊತ್ತಿದ್ದವನು ನಾನೊಬ್ಬನೇ. ಆಗ ನನಗೆ ಇಪ್ಪತ್ತೆರಡು. ಕೆಲಸಕ್ಕೆ ಸೇರಿ ಒಂಬತ್ತು ದಿನ. ಡಬ್ಬಿಗಳು ಬಂದ ಬೆಳಿಗ್ಗೆ ಒಂದೊಂದೇ ರೀಲು ತೆಗೆದು, ಹರಿದಿದೆಯೇ ಅಂತ ಬೆರಳಲ್ಲಿ ಸವರಿ ನೋಡುತ್ತಿದ್ದೆ. ಹನ್ನೊಂದನೆಯದು ಕೈ ಜಾರಿತು. ಮಷೀನು ರೂಮಿನ ಮೆಟ್ಟಿಲಿನ ಮೇಲೆ ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಕೆಳಗಿನ ಚರಂಡಿಯವರೆಗೆ ಉರುಳಿತು. ಮೊದಲ ಆಟಕ್ಕೆ ಎರಡು ಗಂಟೆ ಉಳಿದಿತ್ತು. ಕೆಸರಾದರೆ ತೊಳೆಯಬೇಕು, ನನಗೆ ತಿಳಿದಿದ್ದು ಅಷ್ಟೇ. ಚಹಾ ಅಂಗಡಿಯಿಂದ ಒಂದು ಬಕೆಟ್ ಬಿಸಿನೀರು ತಂದು, ಸೋಪಿನ ಪುಡಿ ಹಾಕಿ, ನಮ್ಮವ್ವ ಬಟ್ಟೆ ಉಜ್ಜುವ ಹಾಗೆ ಉಜ್ಜಿದೆ. ಕೆಸರು ಹೋಯಿತು. ಅದರ ಹಿಂದೆಯೇ ಚಿತ್ರವೂ ಹೋಯಿತು. ಬಕೆಟಿನ ತಳದಲ್ಲಿ ಗಂಜಿಯ ಹಾಗೆ ಕಪ್ಪಗೆ ಏನೋ ಕೂತಿತ್ತು. ಆ ಹೆಂಗಸು, ಅತ್ತೆಯ ಅಳು, ಹನ್ನೆರಡು ವರ್ಷ, ಎಲ್ಲ ಅದರಲ್ಲೇ. ನನ್ನ ಕೈಯಲ್ಲಿ ಉಳಿದಿದ್ದು ಗಾಜಿನಂಥ ಖಾಲಿ ಪಟ್ಟಿ.

ಟಾಕೀಸಿನಲ್ಲಿ ಎರಡು ಮಷೀನು. ಒಂದರಲ್ಲಿ ರೀಲು ಮುಗಿಯುವ ಮುಂಚೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ಜನಕ್ಕೆ ಅದು ಕಾಣದು, ಆಪರೇಟರಿಗೆ ಅದು ಬಿಟ್ಟು ಬೇರೇನೂ ಕಾಣದು. ಚುಕ್ಕಿ ಕಂಡ ಕೂಡಲೇ ಇನ್ನೊಂದು ಮಷೀನಿಗೆ ಬದಲಾಯಿಸಬೇಕು. ಅಂದು ಹತ್ತನೇ ರೀಲಿನ ಕೊನೆಯಲ್ಲಿ, ಸೊಸೆಯ ಬೆರಳು ಚಿಲಕಕ್ಕೆ ತಾಗುವಾಗ, ಚುಕ್ಕಿ ಮಿಂಚಿತು. ದೇವರನ್ನು ನೆನೆದು ಹನ್ನೆರಡನೆಯದಕ್ಕೆ ಬದಲಾಯಿಸಿದೆ. ಜನ ಬೈಯುತ್ತಾರೆ, ಮಾಲೀಕರು ಓಡಿಸುತ್ತಾರೆ ಅಂತ ಕಾದೆ. ಕೆಳಗಿನಿಂದ ಎದ್ದಿದ್ದು ಚೀರಾಟ. ಮಾಲೀಕರು ಮೇಲೆ ಬಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಹೇಳುವುದಕ್ಕೆ ಒಂದು ಒಳ್ಳೆಯ ದಿನ ಸಿಗಲೇ ಇಲ್ಲ. ಖಾಲಿ ಡಬ್ಬಿಗೆ ಯಾವುದೋ ಹಳೆಯ ಜಾಹೀರಾತಿನ ರೀಲು ಸುತ್ತಿಟ್ಟು ವಾಪಸು ಕಳಿಸಿದೆ. ಯಾರೂ ಕೇಳಲಿಲ್ಲ.

ಹೊಸ ಚಿತ್ರದ ಮೊದಲ ಆಟ ಮುಗಿದ ಆ ಸಂಜೆ, ಇಷ್ಟು ವರ್ಷ ಬಚ್ಚಿಟ್ಟಿದ್ದ ಖಾಲಿ ಪಟ್ಟಿಯ ಸುರುಳಿಯನ್ನು ಚೀಲದಲ್ಲಿ ಹಾಕಿಕೊಂಡು ಟೈಲರ್ ಅಂಗಡಿಗೆ ಹೋದೆ. ಅಂಗಡಿಯ ಹಿಂದೆಯೇ ಅವನ ಮನೆ. ಅವನು ಒಂದು ಕೋಟಿನ ತೋಳು ಬಿಚ್ಚುತ್ತಿದ್ದ. ಸಲೂನಿನವನೂ ಮೇಷ್ಟ್ರೂ ಬೆಂಚಿನ ಮೇಲಿದ್ದರು. ಒಳಗಿನಿಂದ ಬೀರು ತೆಗೆದು ಮುಚ್ಚುವ ಸದ್ದು. ಹುಡುಗಿ ನಾಳೆ ಸಂಜೆಯ ಬಸ್ಸಿಗೆ ಬಟ್ಟೆ ಜೋಡಿಸುತ್ತಿದ್ದಾಳೆ, ಅಪ್ಪ ಮಗಳಿಗೆ ಮಾತಿಲ್ಲ ಅಂತ ಮೇಷ್ಟ್ರು ಪಿಸುಗುಟ್ಟಿದರು.

ನಿಂತುಕೊಂಡೇ ಹೇಳಿದೆ. ಬಕೆಟ್, ಸೋಪು, ಗಂಜಿ, ಚುಕ್ಕಿ, ಏನೂ ಬಿಡಲಿಲ್ಲ. ಹೇಳಿ ಮುಗಿಸಿ, ಇನ್ನು ಇವರು ನನಗೆ ಉಗಿಯುತ್ತಾರೆ, ಅವಳು ಉಳಿಯುತ್ತಾಳೆ ಅಂತ ಕಣ್ಣು ಮುಚ್ಚಿದೆ.

ಸಲೂನಿನವನು ಗೊಳ್ಳೆಂದು ನಕ್ಕ. "ಆಪರೇಟರಣ್ಣ, ನಿನ್ನ ಮನಸ್ಸು ದೊಡ್ಡದು ಕಣಯ್ಯಾ. ಹುಡುಗಿ ಅಳ್ತಾಳೆ ಅಂತ ತಲೆ ಮೇಲೆ ಎಳ್ಕೊಂಡುಬಿಟ್ಟೆ!"

"ಎಳ್ಕೊಂಡಿಲ್ಲಪ್ಪ. ಇದೇ ಆ ರೀಲು. ನೋಡಿ."

ಮೇಷ್ಟ್ರು ಪಟ್ಟಿಯನ್ನು ದೀಪಕ್ಕೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಮೊಳ ಮೊಳ ಸರಿಸಿದರು. "ಇದರಲ್ಲಿ ಏನೂ ಇಲ್ಲವಲ್ಲೋ."

"ಅದೇ ಮೇಷ್ಟ್ರೇ! ಇಲ್ಲ. ನಾನು ತೊಳೆದುಬಿಟ್ಟೆ."

"ಏನೂ ಇಲ್ಲದ್ದನ್ನ ತೋರಿಸಿ ಎಲ್ಲ ಇತ್ತು ಅಂತೀಯ. ಪರೀಕ್ಷೇಲಿ ಖಾಲಿ ಹಾಳೆ ಕೊಟ್ಟು, ಉತ್ತರ ಬರೆದಿದ್ದೆ ಸಾರ್, ಅಳಿಸಿಹೋಯ್ತು ಅಂದ ಹಾಗಾಯ್ತು."

"ದೇವರಾಣೆಗೂ ಮೇಷ್ಟ್ರೇ."

"ಆಣೆ ಗೀಣೆ ಬೇಡ. ಒಳ್ಳೇ ಕೆಲಸಕ್ಕೆ ಹೇಳಿದ ಸುಳ್ಳು, ದೇವರು ಲೆಕ್ಕಕ್ಕೆ ತಗೊಳ್ಳಲ್ಲ."

ನಲವತ್ತು ವರ್ಷ ಸುಳ್ಳನ್ನು ನಂಬಿಸಿಕೊಂಡು ಬಂದವನಿಗೆ ಒಂದು ಸಂಜೆ ನಿಜವನ್ನು ನಂಬಿಸಲು ಆಗಲಿಲ್ಲ. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅವರಿಬ್ಬರೂ ನನ್ನ ಭುಜ ತಟ್ಟಿ, ನನ್ನನ್ನು ಹೊಗಳುತ್ತಲೇ ಎದ್ದು ಹೋದರು.

ಟೈಲರ್ ಮಾತ್ರ ನಕ್ಕಿರಲಿಲ್ಲ. ತೋಳು ಬಿಚ್ಚುತ್ತಿದ್ದ ಕೈ ನಿಂತಿತ್ತು. ಪಟ್ಟಿಯನ್ನು ಮುಟ್ಟಲಿಲ್ಲ.

"ಹಂಗಾದ್ರೆ ಅವಳ ತಲೆ ಒಂದೇ ಸಲಕ್ಕೆ ಬೆಳ್ಳಗಾಗಲಿಲ್ವಾ?"

"ಇಲ್ಲ ಕಣೋ. ವಯಸ್ಸಾಗಿತ್ತು."

"ಬಾಗಿಲ ಹಿಂದೆ ಏನು ಕಂಡಿದ್ದಳೋ, ಅದಾದ ಮೇಲೂ ಬೆಳಿಗ್ಗೆ ಎದ್ದು ಬಿಸಿಲಲ್ಲಿ ಕೂತು ನಕ್ಕಳು ಅಂತ..." ಅವನು ಅಲ್ಲಿಗೇ ನಿಲ್ಲಿಸಿ ತನ್ನ ತಲೆ ಸವರಿಕೊಂಡ.

ನನಗೆ ಆಗ ಅರ್ಥವಾಯಿತು. ಅವನ ಹೆಂಡತಿ ತೀರಿಕೊಂಡಾಗ ಕೂಸಿಗೆ ಮೂರು ತಿಂಗಳು. ಮೂವತ್ತರ ಗಂಡಸಿನ ತಲೆ ಒಂದೇ ತಿಂಗಳಲ್ಲಿ ಹತ್ತಿಯ ಹಾಗಾಗಿತ್ತು. ಆದರೂ ಅವನು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು, ಅಂಗಡಿಯ ಮುಂದಿನ ಬಿಸಿಲಿನಲ್ಲಿ ನಗುತ್ತ ಕೂರುತ್ತಿದ್ದ. ನಾವೆಲ್ಲ ಗಟ್ಟಿ ಮನುಷ್ಯ ಅಂದುಕೊಂಡಿದ್ದೆವು. ಆ ನಗು ಎಲ್ಲಿಂದ ತಂದುಕೊಂಡಿದ್ದ ಅಂತ ಯಾರೂ ಕೇಳಿರಲಿಲ್ಲ.

ಒಳಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಪಟ್ಟಿಯನ್ನು ಎತ್ತಿ ದೀಪಕ್ಕೆ ಹಿಡಿದಳು.

"ಬಿಸಿನೀರಾ, ಮಾಮ?"

"ಹೂಂ."

"ಸೋಪು ಬೇರೆ."

"ಹೂಂ."

"ಆ ಹತ್ತು ನಿಮಿಷಕ್ಕೆ ನಾನು ಒಂದು ವರ್ಷ ತಗೊಂಡೆ. ಮೂವತ್ತು ಸಲ ಬರೆದೆ. ಅಪ್ಪನ ಕತೇಲಿ ಆಗ್ತಿದ್ದ ಭಯ ಯಾಕೆ ಬರ್ತಾ ಇಲ್ಲ ಅಂತ ಅತ್ತಿದೀನಿ." ಅವಳ ಧ್ವನಿ ಏರಿತು. "ಮಧ್ಯಾಹ್ನ ಅಷ್ಟು ಜನರ ಮುಂದೆ ಕೇಳಿದೆನಲ್ಲ, ಆಗ ಹೇಳಕ್ಕೆ ಏನಾಗಿತ್ತು ನಿಮಗೆ? ಈಗ ಬಂದು ಅಂಗಡೀಲಿ ಹೇಳ್ತೀರಾ!"

ತಲೆ ತಗ್ಗಿಸಿದೆ.

"ಮಾಮನ್ನ ಬೈಬೇಡ," ಎಂದ ಟೈಲರ್. ಮಧ್ಯಾಹ್ನದಿಂದ ಮಗಳ ಜೊತೆ ಆಡಿದ ಮೊದಲ ಮಾತು ಅದು. "ನೀನು ನೋಡಿದ್ದು ನಿಜ ಇರಬಹುದು. ನಿನ್ನ ಮೇಲೆ ರೇಗಿದ್ದು ತಪ್ಪು. ಆದ್ರೆ ಆ ಹೆಂಗಸು ಅಲ್ಲಿ ಇದ್ದಳು ಅಂತ ಒಪ್ಪು ಅನ್ನಬೇಡ. ನನ್ನ ಕೈಲಾಗಲ್ಲ."

"ಹಂಗಾದ್ರೆ ನನ್ನ ಚಿತ್ರ?"

"ನಾಳೆ ಇನ್ನೊಂದು ಸಲ ಬರ್ತೀನಿ. ಪೂರ್ತಿ ನೋಡ್ತೀನಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ," ಎಂದ.

ಮರುದಿನದ ಮ್ಯಾಟಿನಿಗೆ ಅರ್ಧ ಟಾಕೀಸು ಖಾಲಿ. ಬಂದವರು ಬೈಯುವುದಕ್ಕೇ ಬಂದವರು. ನಮ್ಮ ಮೂವರಲ್ಲಿ ಟೈಲರ್ ನಡುವೆ ಕೂತ, ಅವನ ಎಡಕ್ಕೆ ಮಗಳು, ಬಲಕ್ಕೆ ನಾನು. ಅವಳ ಬಸ್ಸಿನ ಚೀಲ ಕಾಲಬಳಿ ಇತ್ತು. ಚಿತ್ರ ಚೆನ್ನಾಗಿಯೇ ಹೋಯಿತು. ಬಡಿತ ಬಂದಾಗಲೆಲ್ಲ ಟೈಲರ್ ಕುರ್ಚಿಯ ಕೈ ಹಿಡಿಯುತ್ತಿದ್ದ; ಮಗಳು ಅದನ್ನು ಓರೆಗಣ್ಣಲ್ಲಿ ನೋಡಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಸೊಸೆ ಮೆಟ್ಟಿಲು ಹತ್ತಿದಳು.

"ಆಪರೇಟರ್," ಅಂದ ಟೈಲರ್ ಮೆತ್ತಗೆ. "ಚುಕ್ಕಿ ಬಂದಾಗ ಹೇಳು."

ಹೊಸ ಚಿತ್ರದಲ್ಲಿ ಚುಕ್ಕಿ ಇರುವುದಿಲ್ಲ. ಆದರೂ ಬೆರಳು ಕಬ್ಬಿಣಕ್ಕೆ ತಾಗಿದ ಕೂಡಲೇ ಅವನ ಭುಜ ಮುಟ್ಟಿದೆ. ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡ.

ಬಾಗಿಲು ತೆರೆಯಿತು. ಹಿಂದಿನಿಂದ ಕೂಗು ಶುರುವಾಯಿತು. ಹುಡುಗಿ ನೆಟ್ಟಗೆ ಕೂತು, ತಾನು ಬರೆದ ಒಂದೊಂದು ಮಾತನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತ, ಒಬ್ಬಳೇ ನೋಡಿದಳು. ನಡುವೆ ಒಮ್ಮೆ ಅಪ್ಪನ ಬೆನ್ನ ಹಿಂದಿನಿಂದ ನನ್ನತ್ತ ಬಾಗಿದಳು.

"ಇಡೀ ಚಿತ್ರದಲ್ಲಿ ನಾನೇ ಮಾತು ಹುಡುಕಿ ಬರೆದು ನನ್ನದು ಮಾಡ್ಕೊಂಡಿದ್ದು ಈ ಹತ್ತು ನಿಮಿಷ, ಮಾಮ. ಬೇರೆ ಎಲ್ಲ ಅಪ್ಪ ಹೇಳಿದ ಕತೆ. ಇದನ್ನೇ ಅವರು ನೋಡ್ತಿಲ್ಲ."

"ನಾನು ನೋಡ್ತಿದೀನಿ ಕಣಮ್ಮ," ಎಂದೆ. ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ನಾನು ನೋಡಿದರೆಷ್ಟು, ಬಿಟ್ಟರೆಷ್ಟು.

ಅತ್ತೆ ಅತ್ತು ಮುಗಿಸಿದಳು. ಪರದೆ ಕಪ್ಪಾಯಿತು. ಅಕ್ಷರ ಮೂಡಿ, ಜನ ಸೀಟಿ ಹೊಡೆದು, ಅಕ್ಷರ ಅಳಿಸಿಹೋಗುವ ತನಕ ನಾನು ಕೈ ಎತ್ತಿ ಹಿಡಿದೆ. ಬಿಸಿಲು ಬಿತ್ತು. ಭುಜ ಮುಟ್ಟಿದೆ.

ಟೈಲರ್ ಕಣ್ಣು ತೆರೆದ. ಬೆಳ್ಳಗಿನ ತಲೆಯನ್ನು ನೋಡಿ ಒಮ್ಮೆ ಉಸಿರೆಳೆದುಕೊಂಡು, ನಲವತ್ತು ವರ್ಷದ ಹಿಂದಿನ ಹಾಗೆಯೇ ಬೆಚ್ಚಿಬಿದ್ದ. ಅವನ ಕೈ ಕತ್ತಲಲ್ಲಿ ಎಡಕ್ಕೆ ತಡಕಾಡಿತು. ಮಗಳು ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, ಒಂದು ಕೈಯನ್ನು ಕೊಟ್ಟಳು.